2008ರ ಪ್ರಿಯಸ್, ಕೆಂಪು ತ್ರಿಕೋನ ಹತ್ಕೊಂಡಿದೆ, ಬ್ಯಾಟರಿ ನಿಜವಾಗ್ಲೂ ಹೋಗಿದ್ಯಾ?

ಫೀನಿಕ್ಸ್_ಗಿರಿ

ಎಲ್ರಿಗೂ ನಮಸ್ಕಾರ. ಇರೋದು ಅರಿಜೋನಾದ ಫೀನಿಕ್ಸ್‌ನಲ್ಲಿ, ಗಾಡಿ 2008ರ ಟೊಯೋಟಾ ಪ್ರಿಯಸ್, ಪೆಟ್ರೋಲ್ ಎಂಜಿನ್ ಜೊತೆ ದೊಡ್ಡ ಬ್ಯಾಟರಿ, ಮೋಟರೂ ಇರೋ ಹೈಬ್ರಿಡ್ಡು, ಅಂದ್ರೆ ಎರಡನೇ ಜನರೇಷನ್ನು, 1,71,000 ಮೈಲಿ ಆಗಿದೆ, ನಾನು ಮೂರನೇ ಓನರ್ರು. ಆರು ವರ್ಷದಿಂದ ಆಯಿಲ್ಲು ಟೈರು ಬಿಟ್ರೆ ಏನೂ ಕೇಳಿಲ್ಲ ಪಾಪ. ಈಗ ಎರಡು ತಿಂಗಳಿಂದ ಒಂಥರಾ ಆಡ್ತಿದೆ. ಸ್ಕ್ರೀನಲ್ಲಿ ಬ್ಯಾಟರಿ ಚಿತ್ರ ಇರುತ್ತಲ್ಲ, ಅದು ಸಿಗ್ನಲ್ಲಲ್ಲಿ ಸುಮ್ನೆ ನಿಂತಿರುವಾಗ್ಲೇ ಆರು ಗೆರೆಯಿಂದ ಎರಡಕ್ಕೆ ಬೀಳುತ್ತೆ, ಆಮೇಲೆ ಸ್ವಲ್ಪ ಹೊತ್ತು ಎಂಜಿನ್ ಓಡಿದ್ರೆ ಪೂರ್ತಿ ಹಸಿರು. ಹಿಂದಿನ ಸೀಟಿನ ಪಕ್ಕದಿಂದ ಯಾರೋ ಹೇರ್ ಡ್ರೈಯರ್ ಹಾಕಿದಂಗೆ ಸೌಂಡು. ಗ್ಯಾಲನ್ನಿಗೆ 46 ಮೈಲಿ ಕೊಡ್ತಿದ್ದಿದ್ದು 37ಕ್ಕೆ ಇಳಿದಿದೆ. ಮೊನ್ನೆ ಆಫೀಸಿಂದ ಬರ್ತಾ ಕೆಂಪು ತ್ರಿಕೋನ, ಅದರ ಜೊತೆ ಚೆಕ್ ಎಂಜಿನ್ನು, ಡ್ಯಾಶ್‌ಬೋರ್ಡ್ ತುಂಬಾ ದೀಪಾವಳಿ.

ಬಿಡಿಭಾಗದ ಅಂಗಡಿಯಲ್ಲಿ ಬಿಟ್ಟಿ ಸ್ಕ್ಯಾನ್ ಮಾಡಿದ್ರು, ಪಿ0ಎ80 ಅಂತ ಬಂತು. ಅದನ್ನ ಒಂದು ಸರ್ವಿಸ್ ಸೆಂಟರಿಗೆ ಫೋನಲ್ಲಿ ಹೇಳಿದ್ದಷ್ಟೇ, ಗಾಡಿ ಮುಖಾನೂ ನೋಡ್ದೆ ಆ ದೊಡ್ಡ ಬ್ಯಾಟರಿ ಪ್ಯಾಕ್ ಪೂರ್ತಿ ಬದಲಾಯಿಸ್ಬೇಕು ಅಂದ್ರು. ಹೇಳಿದ ದುಡ್ಡು ಕೇಳಿ ನನ್ನ ಹೆಂಡ್ತಿ ಗಾಡೀನೇ ಕೊಟ್ಬಿಡಿ ಅಂತಿದಾಳೆ. ಫೋನಲ್ಲೇ ನಾಡಿ ಹಿಡಿಯೋ ಡಾಕ್ಟರನ್ನ ನಂಬೋದಾ? ನಾನೇ ಏನಾದ್ರೂ ಚೆಕ್ ಮಾಡ್ಬೋದಾ?

ಕೊಡಗಿನ_ಕಾಫಿ

17 ವರ್ಷದ ಬ್ಯಾಟರಿಗೆ ಏನಾಗಿದೆ ಅಂತ ಕೇಳ್ತೀರಲ್ಲ ಸಾರ್, ವಯಸ್ಸಾಗಿದೆ 😄

ಬಸವನಗುಡಿ_ಬೋಲ್ಟು

ಗಿರಿ ಅವ್ರೇ, ಕಾಫಿ ಹೇಳಿದ್ದು ಬಹುಶಃ ನಿಜಾನೇ, ಆದ್ರೂ ಅಳತೆ ಮಾಡದೆ ದುಡ್ಡು ಬಿಚ್ಬೇಡಿ. ನಾನಿರೋದು ಫ್ರೀಮಾಂಟಲ್ಲಿ, ಇದೇ ಜನರೇಷನ್ನಿನ ಎರಡು ಗಾಡಿ ಇಟ್ಕೊಂಡು ಇದೇ ಸಂಕಟ ಎರಡು ಸಲ ಪಟ್ಟಿದೀನಿ, ಸ್ವಲ್ಪ ಉದ್ದ ಬರೀತೀನಿ ಬೈಕೋಬೇಡಿ.

ಪಿ0ಎ80 ಅನ್ನೋ ಕೋಡಿನ ಅರ್ಥವೇ 'ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸಿ' ಅಂತ. ಅದಕ್ಕೇ ಎಲ್ರೂ ಅದನ್ನೇ ಓದಿ ಬಿಲ್ ಬರೀತಾರೆ. ಆದ್ರೆ ಗಾಡಿ ಕಂಪ್ಯೂಟರಿಗೆ ಗೊತ್ತಿರೋದು ಒಂದೇ, ಬ್ಲಾಕುಗಳ ಮಧ್ಯೆ ವೋಲ್ಟೇಜ್ ವ್ಯತ್ಯಾಸ ಮಿತಿ ಮೀರಿದೆ ಅಂತ. ಯಾಕೆ ಮೀರಿತು ಅದಕ್ಕೆ ಗೊತ್ತಿಲ್ಲ. ನಿಮ್ಮ ಪ್ಯಾಕಲ್ಲಿ 28 ಮಾಡ್ಯೂಲ್ ಇದಾವೆ, ಒಂದೊಂದರಲ್ಲಿ ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು, ಸೆಲ್ಲಿಗೆ 1.2 ವೋಲ್ಟು, ಅಂದ್ರೆ ಮಾಡ್ಯೂಲಿಗೆ 7.2, ಎಲ್ಲಾ ಸಾಲಾಗಿ ಕಟ್ಟಿದ್ರೆ 201.6 ವೋಲ್ಟು. ಕಂಪ್ಯೂಟರು ಎರಡೆರಡು ಮಾಡ್ಯೂಲ್ ಸೇರಿಸಿ 14 ಬ್ಲಾಕಾಗಿ ನೋಡುತ್ತೆ. ಅಂಗಡಿಯ ಸಾಮಾನ್ಯ ಸ್ಕ್ಯಾನರು ಮೇಲಿನ ಕೋಡಷ್ಟೇ ತೋರಿಸುತ್ತೆ, ಒಳಗೆ ಪಿ3011ರಿಂದ ಪಿ3024ರವರೆಗೆ ಇನ್ನೊಂದು ಸಾಲಿದೆ, ಯಾವ ಬ್ಲಾಕ್ ಕೈಕೊಟ್ಟಿದೆ ಅಂತ ಹೇಳೋದು ಅದು. 11 ಅಂದ್ರೆ ಒಂದನೇ ಬ್ಲಾಕು, 24 ಅಂದ್ರೆ ಹದಿನಾಲ್ಕನೇದು.

ಗೆರೆ ದಿಢೀರ್ ಅಂತ ಬೀಳೋದು ಏರೋದು ಯಾಕೆ ಅಂದ್ರೆ, ಮುಂಚೆ ಕೊಡ ಇತ್ತು ಈಗ ಅದು ಲೋಟ ಆಗಿದೆ, ಬೇಗ ತುಂಬುತ್ತೆ ಬೇಗ ಖಾಲಿಯಾಗುತ್ತೆ. ಗಾಡಿ ಈ ಬ್ಯಾಟರೀನ ಸುಮಾರು 40ರಿಂದ 80 ಪರ್ಸೆಂಟ್ ಮಧ್ಯೆನೇ ಇಟ್ಕೊಳ್ಳೋದು, ಹಂಗಾಗಿ ಕೆಪ್ಯಾಸಿಟಿ ಕಮ್ಮಿಯಾದ್ರೆ ಮೊದ್ಲು ಈ ಗೆರೆಗಳಲ್ಲೇ ಗೊತ್ತಾಗೋದು.

ಈಗ ಕೆಲಸ. ಮೊದ್ಲು ಡಿಕ್ಕಿಯ ಬಲಮೂಲೆಯಲ್ಲಿರೋ ಸಣ್ಣ 12 ವೋಲ್ಟ್ ಬ್ಯಾಟರಿ ನೋಡಿ. ರಾತ್ರಿಯೆಲ್ಲಾ ನಿಂತ ಗಾಡೀಲಿ ಬೆಳಗ್ಗೆ ಮಲ್ಟಿಮೀಟರ್ ಇಟ್ರೆ 12.5 ಆಸುಪಾಸು ಇರ್ಬೇಕು, ಬಟನ್ ಒತ್ತಿ ಗಾಡಿ ಓಡೋಕೆ 'ರೆಡಿ' ಅಂತ ತೋರಿಸಿದ್ಮೇಲೆ 13.8ರ ಮೇಲೆ. ಅದು ಸತ್ತಿದ್ರೆ ಇಲ್ಲದ ಭೂತ ಎಲ್ಲಾ ಕಾಣಿಸುತ್ತೆ. ಆಮೇಲೆ ಗಾಡಿ ಕಂಪ್ಯೂಟರಿನ ನಂಬರನ್ನ ಮೊಬೈಲಿಗೆ ಕಳಿಸೋ ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ ತಗೊಂಡು ಡಾಕ್ಟರ್ ಪ್ರಿಯಸ್ ಅಥವಾ ಹೈಬ್ರಿಡ್ ಅಸಿಸ್ಟೆಂಟ್ ಆ್ಯಪ್ ಹಾಕ್ಕೊಳ್ಳಿ. 14 ಬ್ಲಾಕಿನ ನಂಬರ್ ಇಲ್ಲಿ ಹಾಕಿ. ಅಲ್ಲಿವರೆಗೂ ಯಾರು ಏನೇ ಹೇಳಿದ್ರೂ, ನಾನೂ ಸೇರಿ, ಅದು ಶಾಸ್ತ್ರ ಕೇಳ್ದಂಗೆ.

ಧಾರವಾಡ_ಫೇಡೆ

ಬೋಲ್ಟು ಅವರು ಛಲೋ ಹೇಳ್ಯಾರ. ಒಂದು ಮಾತು ನಂದೂ ಇರ್ಲಿ, ನಾ ಇಪ್ಪತ್ತು ವರ್ಷ ಕರೆಂಟಿನ ಕೆಲಸ ಮಾಡಿದಾಂವ. ಯೂಟ್ಯೂಬ್ ನೋಡಿ ಪ್ಯಾಕ್ ಬಿಚ್ಚಾಕ ಹೋಗಬ್ಯಾಡ್ರಿ ಮೊದಲ. ಕಿತ್ತಳಿ ಬಣ್ಣದ ವಾಯರ್ ಅಂದ್ರ ಯಮನ ಹಗ್ಗ ಅಂತ ತಿಳ್ಕೋರಿ. ಸರ್ವಿಸ್ ಪ್ಲಗ್ ತಗದ್ರ ಪ್ಯಾಕ್ ಸತ್ತೈತಿ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಲ್ಲ, ಅದು ನಡುವ ಸರಪಳಿ ಕಡಿತೈತಿ ಅಷ್ಟ, ಮಾಡ್ಯೂಲಿನ ಸಾಲಿನ್ಯಾಗ ಇನ್ನೂ ನೂರು ವೋಲ್ಟಿಗಿಂತ ಜಾಸ್ತಿ ಕುಂತಿರತೈತಿ. ಇನ್ವರ್ಟರ್ ಕಡಿ ಕೆಪ್ಯಾಸಿಟರಿನ್ಯಾಗ ಉಳಿದ ಕರೆಂಟ್ ಇಳೀಲಿಕ್ಕೂ ಕನಿಷ್ಠ 10 ನಿಮಿಷ ಕಾಯ್ಬೇಕು. ಕರೆಂಟ್ ಹಿಡದ್ರ ಬಿಡೂದಿಲ್ರಿ. 1000 ವೋಲ್ಟಿನ ರಬ್ಬರ್ ಗ್ಲೌಸ್, ಕೈಯಾಗಿನ ಉಂಗುರ ವಾಚ್ ಕೊಳ್ಳಾಗಿನ ಸರ ತಗದಿಟ್ಟು, ಬಾಜೂಕ ಒಬ್ಬರ್ನ ನಿಲ್ಲಿಸ್ಕೊಂಡು ಆಮ್ಯಾಲೆ ಮಾತು. ಪಿ0ಎಎ6 ಅಂತ ಕೋಡ್ ಬಂದ್ರಂತೂ ಕೈನ ಹಚ್ಚಬ್ಯಾಡ್ರಿ, ಹೈವೋಲ್ಟೇಜ್ ಗಾಡಿ ಬಾಡಿಗೆ ಸೋರಾಕತ್ತೈತಿ ಅಂತ ಅದರರ್ಥ.

ತುಮಕೂರು_ತಟ್ಟೆಇಡ್ಲಿ

ನಮ್ದು ಎರ್ಟಿಗಾ ಸ್ಮಾರ್ಟ್ ಹೈಬ್ರಿಡ್, ಇದಕ್ಕೂ ಹಿಂಗೆ 200 ವೋಲ್ಟ್ ಇರುತ್ತಾ, ಭಯ ಆಗ್ತಿದೆ ಓದಿ

ಬಸವನಗುಡಿ_ಬೋಲ್ಟು

ಇಲ್ಲ ಸಾರ್, ನಿಮ್ದು ಮೈಲ್ಡ್ ಹೈಬ್ರಿಡ್ಡು, ಮಾಮೂಲಿ ಬ್ಯಾಟರಿ ಜೊತೆ ಸಣ್ಣದೊಂದು ಲಿಥಿಯಂ ಬ್ಯಾಟರಿ, ಎಲ್ಲಾ 12 ವೋಲ್ಟಲ್ಲೇ. ಅದು ಎಂಜಿನ್ನಿಗೆ ಹೆಗಲು ಕೊಡುತ್ತೆ ಅಷ್ಟೇ, ಗಾಡೀನ ತಾನೊಂದೇ ಎಳೆಯಲ್ಲ. ಆರಾಮಾಗಿರಿ.

ಫೀನಿಕ್ಸ್_ಗಿರಿ

ಸರಿ, ವರದಿ ಒಪ್ಪಿಸ್ತಿದೀನಿ. 12 ವೋಲ್ಟಿಂದು ಬೆಳಗ್ಗೆ 12.5, ರೆಡಿ ಆದ್ಮೇಲೆ 13.9. ಅಡಾಪ್ಟರ್ ಬಂತು. ಪಿ0ಎ80 ಜೊತೆ ಪಿ3017 ಕೂಡ ಇದೆ, ಅಂದ್ರೆ ಏಳನೇ ಬ್ಲಾಕು ಅಲ್ವಾ. ಆದ್ರೆ ಮನೆ ಮುಂದೆ ನಿಲ್ಲಿಸಿ ನೋಡಿದ್ರೆ 14 ಬ್ಲಾಕೂ 15.8ರಿಂದ 16.0 ಒಳಗೇ ಇದಾವೆ! ಏಳನೇದು 15.8. ಇದರಲ್ಲಿ ಏನು ಸತ್ತಿದೆ? ಆ ಫೋನ್ ಡಾಕ್ಟರು ಸುಳ್ಳು ಹೇಳಿದ್ನಾ?

ಕುಡ್ಲ_ಬಂಗುಡೆ

ಮಾರಾಯ್ರೆ ಹಾಗಾದ್ರೆ ಬ್ಯಾಟರಿ ಸರಿ ಉಂಟು. ನಂಗೆ ಕಾಣುದು ಎಂತ ಅಂದ್ರೆ, ಮಾಡ್ಯೂಲಿನ ಮೇಲೆ ತಾಮ್ರದ ಪಟ್ಟಿ ಇರ್ತದಲ್ವಾ, ಒಂದರಿಂದ ಇನ್ನೊಂದಕ್ಕೆ ಜೋಡಿಸ್ಲಿಕ್ಕೆ, ಅದಕ್ಕೆ ಕಿಲುಬು ಹಿಡಿದು ಹಸಿರಾಗ್ತದೆ. ವೋಲ್ಟೇಜ್ ನೋಡುವ ಸಣ್ಣ ವಯರಿನ ತುದಿಗೂ ಹಿಡೀತದೆ. ಆಗ ಕಂಪ್ಯೂಟರಿಗೆ ತಪ್ಪು ರೀಡಿಂಗ್ ಹೋಗ್ತದೆ. ನನ್ನ ಭಾವನ ಗಾಡಿಗೆ ಹಾಗೇ ಆದದ್ದು, ಪಟ್ಟಿ ಕ್ಲೀನ್ ಮಾಡಿದ್ದೇ, ಎರಡು ವರ್ಷ ಓಡಿತು.

ಕೊಡಗಿನ_ಕಾಫಿ

ಹುಣಸೆಹಣ್ಣು ಹಾಕಿ ಉಜ್ಜಿದ್ರಾ? ನಮ್ಮಜ್ಜಿ ಚೊಂಬಿಗೆ ಮಾಡ್ತಿದ್ದಂಗೆ

ಕುಡ್ಲ_ಬಂಗುಡೆ

ನೀವು ತಮಾಷೆ ಮಾಡ್ತೀರಿ, ಅವ ವಿನೆಗರಲ್ಲಿ ನೆನೆ ಹಾಕಿದ್ದು, ಹೆಚ್ಚುಕಡಿಮೆ ಅದೇ ಆಯ್ತಲ್ಲ.

ಬಸವನಗುಡಿ_ಬೋಲ್ಟು

ಬಂಗುಡೆ ಅವರ ಮಾತು ತಳ್ಳಿ ಹಾಕಲ್ಲ, ಕಿಲುಬಿಂದ ಸುಳ್ಳು ರೀಡಿಂಗ್ ಬರೋದು ನಾನೂ ನೋಡಿದೀನಿ. ಆದ್ರೆ ಗಿರಿ ಅವ್ರೇ, ನಿಂತಲ್ಲೇ ನೋಡಿದ ನಂಬರ್‌ಗೆ ನನ್ನ ಹತ್ರ ಬೆಲೆ ಇಲ್ಲ. ನಿಕಲ್ ಬ್ಯಾಟರಿ ಸ್ವಭಾವ ಹಂಗೆ, ಭಾರ ಇಲ್ಲದಿದ್ದಾಗ ಮುದುಕನೂ ಹುಡುಗನೂ ಒಂದೇ ಥರ ಕೂತಿರ್ತಾರೆ. ಮೂಟೆ ಹೊರಿಸಿದಾಗ ಗೊತ್ತಾಗೋದು ಯಾರ ಮೊಣಕಾಲು ನಡುಗುತ್ತೆ ಅಂತ.

ಒಂದು ಏರು ಹುಡುಕಿ. ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸಿ ಆ್ಯಪ್ ಸ್ಕ್ರೀನ್ ರೆಕಾರ್ಡ್ ಮಾಡಿಸಿ, ಓಡಿಸ್ತಾ ನೀವೇ ಮೊಬೈಲ್ ನೋಡ್ಬೇಡಿ. ಹತ್ತುವಾಗ ಚೆನ್ನಾಗಿ ಆಕ್ಸಿಲರೇಟರ್ ಕೊಡಿ, ಇಳಿಯುವಾಗ ಬ್ರೇಕ್ ಹಿಡ್ಕೊಂಡು ಚಾರ್ಜ್ ಆಗೋಕೆ ಬಿಡಿ. ಏರು ಸಿಗದಿದ್ರೆ ಅಪಾರ್ಟ್‌ಮೆಂಟ್ ರ‍್ಯಾಂಪಲ್ಲಿ ರಿವರ್ಸ್ ಹತ್ತಿಸಿ, ಪ್ರಿಯಸ್‌ಗೆ ರಿವರ್ಸ್ ಗೇರೇ ಇಲ್ಲ, ಹಿಂದಕ್ಕೆ ಬರೋದು ಬರೀ ಮೋಟರಲ್ಲಿ, ಹಂಗಾಗಿ ಬ್ಯಾಟರಿಗೆ ಒಳ್ಳೆ ಪರೀಕ್ಷೆ.

ನೋಡ್ಬೇಕಾದ್ದು ಹಿಂಗೆ. ಒಂದು ಬ್ಲಾಕು ನಿಂತಾಗ್ಲೂ ಓಡುವಾಗ್ಲೂ ಯಾವಾಗ್ಲೂ ಉಳಿದವಕ್ಕಿಂತ ಸರಿಯಾಗಿ 1.2 ಕಮ್ಮಿ ಇದ್ರೆ ಒಂದು ಸೆಲ್ ಪೂರ್ತಿ ಸತ್ತಿದೆ, ಲೆಕ್ಕ ತಾನೇ ಹೇಳುತ್ತೆ. ಅದೇ ಒಂದು ಬ್ಲಾಕು ಹತ್ತುವಾಗ ಎಲ್ಲಕ್ಕಿಂತ ಕೆಳಗೆ ಬಿದ್ದು, ಚಾರ್ಜ್ ಆಗುವಾಗ ಅದೇ ಬ್ಲಾಕು ಎಲ್ಲಕ್ಕಿಂತ ಮೇಲೆ ಎದ್ರೆ, ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗಿದೆ, ಕೆಪ್ಯಾಸಿಟಿ ಹೋಗಿದೆ. ಎರಡು ಮೂರು ಬ್ಲಾಕು ಸುಮ್ಮಸುಮ್ಮನೆ ಅಲ್ಲಿ ಇಲ್ಲಿ ಕುಣೀತಿದ್ರೆ, ಒಂದ್ಸಲ ಸರಿ ಒಂದ್ಸಲ ತಪ್ಪು, ಆಗ ಬಂಗುಡೆ ಅವರ ಕಿಲುಬು. ಜೊತೆಗೆ ಟೆಂಪರೇಚರ್ ಕೂಡ ಬರ್ಕೊಳ್ಳಿ, ಪ್ಯಾಕಲ್ಲಿ ಮೂರು ಸೆನ್ಸರ್ ಇದಾವೆ.

ರಾಜಾಜಿನಗರ_ಕ್ಯಾಮ್ರಿ

ಮಧ್ಯ ಬಾಯಿ ಹಾಕಿದ್ದಕ್ಕೆ ಕ್ಷಮೆ. ಬೆಂಗಳೂರು, 2014ರ ಕ್ಯಾಮ್ರಿ ಹೈಬ್ರಿಡ್, ಬಿಡದಿಯಲ್ಲೇ ಜೋಡಿಸಿದ್ದು, ಸೆಕೆಂಡ್ ಹ್ಯಾಂಡು. ಮೂರು ವಾರ ಊರಲ್ಲಿರ್ಲಿಲ್ಲ, ಬಂದು ಬಟನ್ ಒತ್ತಿದ್ರೆ ಹೈಬ್ರಿಡ್ ಸಿಸ್ಟಮ್ ಚೆಕ್ ಮಾಡಿ ಅಂತ ಬರ್ತಿದೆ, ಲೈಟೆಲ್ಲಾ ಮಿಣಮಿಣ ಅಂತಿದೆ, ರೆಡಿ ಆಗ್ತಿಲ್ಲ. ಗ್ಯಾರೇಜಿನವ್ನು ಹೈಬ್ರಿಡ್ ಬ್ಯಾಟರಿ ಹೋಗಿದೆ, ಲಕ್ಷಗಳಲ್ಲಿ ಆಗುತ್ತೆ ಅಂತಾನೆ. ನಿದ್ದೆ ಬರ್ತಿಲ್ಲ.

ಧಾರವಾಡ_ಫೇಡೆ

ಮಿಣಮಿಣ ಅಂದ್ರಲ್ಲ ಅದ ಉತ್ತರ ನೋಡ್ರಿ. ದೊಡ್ಡ ಬ್ಯಾಟರಿ ಕೆಟ್ರ ಡ್ಯಾಶ್‌ಬೋರ್ಡ್ ಲೈಟ್ ಯಾಕ ಮಂಕ ಆಗತಾವು? ಡಿಕ್ಕಿಯಾಗಿನ 12 ವೋಲ್ಟ್ ಅಳೀರಿ ಮೊದಲ. ಕಂಪ್ಯೂಟರ್ ಎಬ್ಬಸೂದು, ಹೈವೋಲ್ಟೇಜ್ ರಿಲೇ ಒತ್ತೂದು ಎಲ್ಲಾ ಅದರ ಕೆಲಸ. ಅದು ಮಲಗಿದ್ರ 244 ವೋಲ್ಟಿನ ಪ್ಯಾಕ್ ಗಟ್ಟಿಮುಟ್ಟ ಇದ್ರೂ ಉಪಯೋಗಿಲ್ಲ. ಅಂಗಡಿಯಾಂವ ಸಾದಾ ನೀರು ಹಾಕೂ ಬ್ಯಾಟರಿ ಕೊಟ್ರ ತಗೋಬ್ಯಾಡ್ರಿ, ಡಿಕ್ಕಿಯೊಳಗ ಇಡೂದು ಎಜಿಎಂ ಅನ್ನೂ ಮುಚ್ಚಿದ ನಮೂನಿ ಬ್ಯಾಟರಿ ಇರಬೇಕು, ಗ್ಯಾಸ್ ಕಾರಿನೊಳಗ ತುಂಬಬಾರ್ದು.

ಫೀನಿಕ್ಸ್_ಗಿರಿ

ಸೌತ್ ಮೌಂಟನ್ ಪಾರ್ಕಿನ ಗುಡ್ಡ ಹತ್ತಿಸಿ ಬಂದೆ. ಹೆಂಡ್ತಿ ವಿಡಿಯೋ ಮಾಡಿದ್ಲು, ದಾರಿಯುದ್ದಕ್ಕೂ ಬೈಕೊಂಡು. ಫಲಿತಾಂಶ ನೋಡಿ ಎದೆ ಧಸಕ್ ಅಂತು.

ಹತ್ತುವಾಗ ಎಲ್ಲಾ ಬ್ಲಾಕು 14.6ರಿಂದ 14.9 ಇದ್ರೆ ಏಳನೇದು 12.7ಕ್ಕೆ ಬಿತ್ತು. ಎಂಟನೇದು 14.0. ಇಳಿಯುವಾಗ ಎಲ್ಲಾ 17.1 ಹತ್ರ, ಏಳನೇದು 18.3. ನೀವು ಬರೆದಿದ್ದು ಓದಿ ಬ್ಯಾಟರಿ ನಾಟಕ ಆಡ್ದಂಗಿತ್ತು. ಟೆಂಪರೇಚರ್ ಎರಡು ಸೆನ್ಸರ್ 45, 46 ಡಿಗ್ರಿ ಸೆಲ್ಸಿಯಸ್, ಮಧ್ಯದ್ದು 52. ಆ ಫ್ಯಾನು ಕೂಗ್ತಾನೇ ಇತ್ತು.

ಬಸವನಗುಡಿ_ಬೋಲ್ಟು

ಹಂಗಿದ್ರೆ ಏಳನೇ ಬ್ಲಾಕ್ ಹೋಗಿದೆ, ಎಂಟನೇದು ಅದರ ಹಿಂದೆ ಕ್ಯೂನಲ್ಲಿದೆ. ಆದ್ರೆ ನನಗೆ ಆ 52 ಜಾಸ್ತಿ ಕಾಡ್ತಿದೆ. ಮಧ್ಯದ ಮಾಡ್ಯೂಲುಗಳು ಯಾವಾಗ್ಲೂ ಸ್ವಲ್ಪ ಬಿಸಿ, ಅಂಚಿನವಕ್ಕೆ ಒಂದು ಕಡೆ ಗಾಳಿ ಇರುತ್ತೆ ಇವಕ್ಕಿಲ್ಲ, ಅದಕ್ಕೇ ಸಾಯೋದೂ ಮೊದಲು ಮಧ್ಯದವೇ. ಆದ್ರೂ ಫ್ಯಾನ್ ಅಷ್ಟು ಕೂಗ್ತಾ ಇದ್ದು ಅಷ್ಟು ಬಿಸಿ ಅಂದ್ರೆ, ಫ್ಯಾನ್ ತಿರುಗ್ತಿದೆ ಗಾಳಿ ಹೋಗ್ತಿಲ್ಲ. ಹಿಂದಿನ ಸೀಟಿನ ಬಲಪಕ್ಕ ಜಾಲರಿ ಥರ ಒಂದು ಕಿಂಡಿ ಇದೆಯಲ್ಲ, ಅದು ಸ್ಪೀಕರ್ ಅಲ್ಲ! ಕಾರೊಳಗಿನ ತಣ್ಣನೆ ಗಾಳಿ ಎಳ್ಕೊಂಡು ಬ್ಯಾಟರಿಗೆ ಬಿಡೋ ಮೂಗು ಅದು. ಅದರ ಹಿಂದೆ ಫ್ಯಾನ್ ಬಿಚ್ಚಿ ಫೋಟೋ ಹಾಕಿ. ಇದಕ್ಕೆ ಹೈವೋಲ್ಟೇಜ್ ಹತ್ರ ಹೋಗೋ ಅಗತ್ಯ ಇಲ್ಲ, ಆದ್ರೂ ಗಾಡಿ ಆಫ್ ಮಾಡಿ 12 ವೋಲ್ಟ್ ಮೈನಸ್ ಬಿಚ್ಚಿಡಿ.

ಮನೇಲಿ ನಾಯಿ ಇದ್ಯಾ?

ಫೀನಿಕ್ಸ್_ಗಿರಿ

ಇದೆ. ಹೇಗೆ ಗೊತ್ತಾಯ್ತು ನಿಮಗೆ

ಫೀನಿಕ್ಸ್_ಗಿರಿ

ಬಿಚ್ಚಿದೆ. ಹೇಳೋಕೇ ನಾಚಿಕೆ. ಫ್ಯಾನಿನ ರೆಕ್ಕೆಗಳ ಮಧ್ಯೆ ನಾಯಿ ಕೂದಲು ಕಂಬಳಿ ಥರ ಹೆಣೆದುಕೊಂಡಿದೆ, ಮೇಲೊಂದು ಪದರ ಇಲ್ಲಿನ ಮರಳುಧೂಳು. ಇನ್ನೊಂದು ವಿಷಯ, ಇದನ್ನ ಹೆಂಡ್ತಿಗೆ ಹೇಳ್ಬೇಡಿ, ಎರಡು ವರ್ಷದ ಹಿಂದೆ ಗದಗಿಂದ ನಮ್ಮತ್ತೆ ಬಂದಿದ್ದಾಗ ಬಿಸಿಲಿಗೆ ಸೀಟು ಸುಡುತ್ತೆ ಮಗು ಕೂರಲ್ಲ ಅಂತ ಕೈಯಾರೆ ಹೊಲಿದ ಕೌದಿ ಹಾಸಿದ್ರು ಹಿಂದಿನ ಸೀಟಿಗೆ. ಅದರ ಅಂಚು ಸರಿಯಾಗಿ ಆ ಕಿಂಡಿ ಮೇಲೆ ಕೂತಿತ್ತು. ನಾನೂ ಅದನ್ನ ಸ್ಪೀಕರ್ ಅಂತಾನೇ ತಿಳ್ಕೊಂಡಿದ್ದೆ. 2023ರಲ್ಲಿ ಇಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತಲ್ಲ, ಆ ಬೇಸಿಗೆಯೆಲ್ಲಾ ಬ್ಯಾಟರಿ ಕೌದಿ ಹೊದ್ಕೊಂಡು ಮಲಗಿತ್ತು.

ಧಾರವಾಡ_ಫೇಡೆ

ಅಯ್ಯೋ ದೇವ್ರ 😂😂 ಕೌದಿ ಥಂಡಿಗೆ ಹೊಚ್ಚಿಕೊಳ್ಳೂದು ರೀ, ಫೀನಿಕ್ಸಿನ್ಯಾಗ ಬ್ಯಾಟರಿಗೆ ಹೊಚ್ಚೂದಲ್ಲ. ನಿಮ್ಮತ್ತಿಯವರದೇನೂ ತಪ್ಪಿಲ್ಲ ಬಿಡ್ರಿ, ಅಲ್ಲೆ ಮೂಗೈತಿ ಅಂತ ಅವರಿಗೆ ಯಾರ ಹೇಳಿದ್ರು.

ಕುಡ್ಲ_ಬಂಗುಡೆ

ಫ್ಯಾನ್ ಕ್ಲೀನ್ ಮಾಡಿ ಕೋಡ್ ಅಳಿಸಿ ನೋಡಿ ಒಮ್ಮೆ. ತಣ್ಣಗಾದ್ರೆ ಸರಿ ಆದ್ರೂ ಆಗ್ಬಹುದು.

ಫೀನಿಕ್ಸ್_ಗಿರಿ

ಮಾಡಿದೆ. ಫ್ಯಾನ್ ಸೌಂಡು ಅರ್ಧ ಆಯ್ತು, ಮಧ್ಯದ ಸೆನ್ಸರ್ 44ಕ್ಕೆ ಇಳೀತು. ಮೂರು ದಿನ ಲೈಟ್ ಇಲ್ಲ, ಗೆದ್ದೆ ಅಂದ್ಕೊಂಡೆ. ನಾಲ್ಕನೇ ದಿನ ತ್ರಿಕೋನ ವಾಪಸ್. ಗುಡ್ಡ ಹತ್ತಿಸಿದ್ರೆ ಏಳನೇದು ಅದೇ 12.8. ಈಗ ಹೇಳಿ, ಬರೀ ಏಳನೇ ಬ್ಲಾಕಿನ ಎರಡು ಮಾಡ್ಯೂಲ್ ಬದಲಾಯಿಸ್ಲಾ? ಆನ್‌ಲೈನಲ್ಲಿ ಹಳೇ ಮಾಡ್ಯೂಲ್ ಅಗ್ಗಕ್ಕೆ ಸಿಗ್ತಿದೆ.

ಬಸವನಗುಡಿ_ಬೋಲ್ಟು

ಇಲ್ಲಿ ನನ್ನ ಕಥೆ ಹೇಳ್ಬೇಕು. ಮೊದಲ ಗಾಡಿಗೆ ನಾನು ಅದನ್ನೇ ಮಾಡಿದ್ದು. ಎರಡು ಮಾಡ್ಯೂಲ್ ತಂದೆ, ಹಾಕಿದೆ, ಹೀರೋ ಥರ ಸಂಬಂಧಿಕರಿಗೆಲ್ಲಾ ಹೇಳ್ಕೊಂಡು ಓಡಾಡಿದೆ. ಐದು ತಿಂಗಳಿಗೆ ಹತ್ತನೇ ಬ್ಲಾಕು. ಬಿಚ್ಚಿ ಹಾಕಿದೆ. ಮೂರು ತಿಂಗಳಿಗೆ ನಾಲ್ಕನೇದು. ಹಳೇ ಪಂಚೆಗೆ ತೇಪೆ ಹಾಕ್ದಂಗೆ, ತೇಪೆ ಗಟ್ಟಿ, ಪಕ್ಕದ ಬಟ್ಟೆ ಹರಿಯುತ್ತೆ. ಎಲ್ಲಾ ಮಾಡ್ಯೂಲೂ ಒಂದೇ ದಿನ ಹುಟ್ಟಿ ಒಂದೇ ಬಿಸಿಲು ತಿಂದಿರೋವು. ಸರಿಯಾಗಿ ಮಾಡ್ಬೇಕು ಅಂದ್ರೆ 28ನ್ನೂ ಒಂದೊಂದಾಗಿ ಚಾರ್ಜ್ ಡಿಸ್‌ಚಾರ್ಜ್ ಮಾಡಿ ಕೆಪ್ಯಾಸಿಟಿ ಅಳೆದು, ಹೊಂದೋವನ್ನ ಪಕ್ಕಪಕ್ಕ ಇಟ್ಟು, ಪ್ಲಸ್ ಮೈನಸ್ ತಿರುಗುಮುರುಗು ಆಗದಂಗೆ ಜೋಡಿಸಿ, ಎರಡೂ ಕಡೆಯಿಂದ ಬಿಗಿಯಾಗಿ ಅದುಮಿ ಕಟ್ಬೇಕು, ಸಡಿಲ ಇದ್ರೆ ಚಾರ್ಜ್ ಆಗುವಾಗ ಊದ್ಕೊಳ್ಳುತ್ತೆ. ವಾರಗಟ್ಟಲೆ ಕೆಲಸ. ಹವ್ಯಾಸಕ್ಕಾದ್ರೆ ಮಾಡಿ, ಸೋಮವಾರ ಆಫೀಸಿಗೆ ಹೋಗೋ ಗಾಡಿಗೆ ಬೇಡ.

ರಿಪೇರಿ ಮಾಡಿದ ಪ್ಯಾಕ್ ಅಂತ ಮಾರೋವ್ರಲ್ಲಿ ಸುಮಾರು ಜನ ಮಾಡೋದೂ ಇದೇ ತೇಪೆ, ವಾರಂಟಿ ಮುಗಿಯೋವರೆಗೆ ನಿಲ್ಲುತ್ತೆ. ಗಾಡಿ ಇನ್ನೊಂದು ವರ್ಷ ಸಾಕು ಅಂದ್ರೆ ಅದು ಸರಿ. ಐದಾರು ವರ್ಷ ಇಟ್ಕೊಳ್ತೀರಾ, ಬಾಡಿ ಎಂಜಿನ್ ಚೆನ್ನಾಗಿದೆ ಅಂದ್ರೆ ಹೊಸ ಸೆಲ್ಲಿನ ಪ್ಯಾಕೇ ಹಾಕಿ, ಹಳೇದನ್ನ ವಾಪಸ್ ಕೊಟ್ಟು ಡೆಪಾಸಿಟ್ ಬಿಡಿಸ್ಕೊಳ್ಳಿ. ಒಬ್ಬರೇ ಹೇಳಿದ ರೇಟಿಗೆ ಹೂಂ ಅನ್ಬೇಡಿ, ಹೈಬ್ರಿಡ್ ಕೆಲಸ ಗೊತ್ತಿರೋ ಸ್ವತಂತ್ರ ಮೆಕ್ಯಾನಿಕ್ ಹುಡುಕಿ. ಕಂಪನಿ ವಾರಂಟಿ ಆಸೆ ಬಿಡಿ, ಆಗ 8 ವರ್ಷ 1,00,000 ಮೈಲಿ ಇತ್ತು, ಕ್ಯಾಲಿಫೋರ್ನಿಯಾ ಥರದ ರಾಜ್ಯಗಳಲ್ಲಿ 10 ವರ್ಷ 1,50,000. 2020ರ ಮಾಡೆಲ್ಲಿಂದ ಈಚೆಗೆ ಅಮೆರಿಕಾದಲ್ಲಿ ಎಲ್ಲಾ ಕಡೆ 10 ವರ್ಷ.

ಯಾವುದೇ ಹಾಕಿ, ಫ್ಯಾನ್ ಕ್ಲೀನ್ ಮಾಡಿದ್ದು ಉಳಿಸ್ಕೊಳ್ಳಿ. ಫೋನ್ ಡಾಕ್ಟರ್ ಹೇಳಿದ ಕಾಯಿಲೆ ಸರಿಯಾಗೇ ಇತ್ತು ಅಂತ ಈಗ ಗೊತ್ತಾಯ್ತು, ಆದ್ರೆ ಆತ ಬರೀ ಪ್ಯಾಕ್ ಬದಲಾಯಿಸಿ ಕಳಿಸಿದ್ರೆ ಹೊಸದಕ್ಕೂ ಅದೇ ಕೌದಿ ಹೊದಿಸಿರ್ತಿದ್ರಿ.

ರಾಜಾಜಿನಗರ_ಕ್ಯಾಮ್ರಿ

ಫೇಡೆ ಸಾರ್ ನಿಮ್ಮ ಬಾಯಿಗೆ ಫೇಡೆ ಹಾಕ್ಬೇಕು! 12 ವೋಲ್ಟು ಅಳೆದ್ರೆ 11.3 ಇತ್ತು. ಎಜಿಎಂ ಹಾಕಿಸ್ದೆ, ಬಟನ್ ಒತ್ತಿದ ತಕ್ಷಣ ರೆಡಿ, ಒಂದು ಲೈಟೂ ಇಲ್ಲ. ಲಕ್ಷದ ಮಾತಾಡಿದವ್ನು ಈಗ ಫೋನ್ ಎತ್ತುತ್ತಿಲ್ಲ. ಆ್ಯಪ್ ಹಾಕಿ ಹೆಬ್ಬಾಳ ಫ್ಲೈಓವರ್ ಹತ್ತಿಸಿದೆ, ಟ್ರಾಫಿಕಲ್ಲಿ ಹತ್ತೋದಂತೂ ಅಷ್ಟರಲ್ಲೇ ಇದೆ, ಆದ್ರೂ ಎಲ್ಲಾ ಬ್ಲಾಕೂ 0.3 ಒಳಗೇ ಇದಾವೆ.

ಬಸವನಗುಡಿ_ಬೋಲ್ಟು

ಒಳ್ಳೇದಾಯ್ತು. ಇನ್ಮೇಲೆ ಊರಿಗೆ ಹೋಗುವಾಗ ಯಾರಿಗಾದ್ರೂ ಹೇಳಿ ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿ ಮಾಡಿ ಬಿಡೋಕೆ ಹೇಳಿ. ಬ್ಯಾಟರಿ ಗಾಳಿಕಿಂಡೀನೂ ಒಂದ್ಸಲ ನೋಡಿ, ಬೆಂಗಳೂರು ಧೂಳು ಫೀನಿಕ್ಸಿಗೇನೂ ಕಮ್ಮಿಯಿಲ್ಲ.

ಫೀನಿಕ್ಸ್_ಗಿರಿ

ಕೊನೆ ಅಪ್ಡೇಟು. ಹೊಸ ಪ್ಯಾಕ್ ಹಾಕಿಸ್ದೆ, ಸಣ್ಣ ಗ್ಯಾರೇಜು, ಮೊದಲು ಹೇಳಿದ್ದ ದುಡ್ಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯ್ತು. ಮೆಕ್ಯಾನಿಕ್ ಒಳ್ಳೆಯವ್ನು, ಹಳೇದನ್ನ ವಾಪಸ್ ಕಳಿಸೋ ಮುಂಚೆ ಮುಚ್ಚಳ ತೆಗೆದು ದೂರದಿಂದ ತೋರಿಸಿದ. ಮಧ್ಯದ ಎರಡು ಮಾಡ್ಯೂಲ್ ಹೊಟ್ಟೆ ಊದ್ಕೊಂಡಿದಾವೆ, ತಾಮ್ರದ ಪಟ್ಟಿ ಅರ್ಧಕ್ಕರ್ಧ ಹಸಿರು. ಅಂದ್ರೆ ಬಂಗುಡೆ ಅವ್ರೂ ಪೂರ್ತಿ ತಪ್ಪಲ್ಲ. ಸೌತ್ ಮೌಂಟನ್ ಹತ್ತಿಸಿದ್ರೆ ಈಗ ವ್ಯತ್ಯಾಸ 0.15, ಮೈಲೇಜ್ 45. ಬಿಸಿಲಲ್ಲಿ ನಿಂತ ಗಾಡಿ ಹತ್ತಿದ್ರೆ ಮೊದಲು ಎರಡು ನಿಮಿಷ ಕಿಟಕಿ ಇಳಿಸಿ ಸೆಖೆ ಹೊರಗೆ ಬಿಟ್ಟು ಆಮೇಲೆ ಎಸಿ ಹಾಕ್ತೀನಿ, ನಮಗಲ್ಲ, ಅದಕ್ಕೆ.

ಧಾರವಾಡ_ಫೇಡೆ

ಕೌದಿ ಎಲ್ಲೈತ್ರಿ ಈಗ?

ಫೀನಿಕ್ಸ್_ಗಿರಿ

ಮನೆ ಸೋಫಾ ಮೇಲೆ. ನಾಯಿ ಮಲಗಿದೆ ಅದರ ಮೇಲೆ.

ಹಾಸನ_ಹೈವೇ

ಹೊಸಬ ನಾನು, ನಂದೂ ಇದೇ ಗಾಡಿ 2007, ಚಿಕಾಗೋ, ಕೆಂಪು ತ್ರಿಕೋನ ಬಂದಿದೆ, ಪಿ0ಎ80, ಪ್ಯಾಕ್ ಆರ್ಡರ್ ಮಾಡ್ಬಿಡ್ಲಾ?

ಬಸವನಗುಡಿ_ಬೋಲ್ಟು

ಮೇಲಿಂದ ಓದ್ಕೊಂಡು ಬನ್ನಿ ಸಾರ್. ಅಷ್ಟರಲ್ಲಿ 12 ವೋಲ್ಟಿಂದು ಎಷ್ಟಿದೆ ಹೇಳಿ.